ಅಜ್ಜಿ ಅತ್ಕಂಡು ಬಂದದ್ದು

ಕನ್ನಡದಲ್ಲಿ ‘ಹ’ ಅನ್ನುವ ಅಕ್ಷರ ಒಂದಿದೆ. ಅದನ್ನು ಕೊಳ್ಳೇಗಾಲದ ಮಕ್ಕಳ ಬಾಯಿಂದ ಹೊರಡಿಸುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ‘ಹಸು’ ಅನ್ನಿರೋ ಎಂದರೆ ಇಡೀ ತರಗತಿ ಒಕ್ಕೊರಲಿನಿಂದ ‘ಅಸು’ ಅನ್ನುತ್ತಿತ್ತು. ಹನೂರಿನಿಂದ ಬಂದ ಹುಡುಗನನ್ನು ಯಾವೂರೋ ಎಂದು ಕೇಳಿದರೆ ‘ಅನೂರು ಸಾ’ ಅನ್ನುತ್ತಿದ್ದ. ತಾಲ್ಲೂಕಿಗೆ ತಾಲ್ಲೂಕೇ ಆ ಅಕ್ಷರ ಇಲ್ಲದೆ ಉಂಡುಟ್ಟು ಸುಖವಾಗಿರುವಾಗ ನಾನೊಬ್ಬ ಯಾಕೆ ಗಂಟಲು ಹರಿದುಕೊಳ್ಳಬೇಕು ಅಂತ ಕೊನೆಗೆ ಸುಮ್ಮನಾಗಿದ್ದೆ. ಆದರೆ ಅಕ್ಷರ ಸುಮ್ಮನಾಗಿರಲಿಲ್ಲ. ೨೦೦೩ರಲ್ಲಿ ಅದು ನನ್ನ ಎದುರುಮನೆ ರಾಮಲಿಂಗಯ್ಯನ ಮೇಲೆ ಸೇಡು ತೀರಿಸಿಕೊಂಡಿತು. ಅದಕ್ಕೆ ನಾಲ್ಕು ಚಕ್ರಗಳೂ ಕೈ ಜೋಡಿಸಿದವು.

ರಾಮಲಿಂಗಯ್ಯ ರೇಷ್ಮೆ ಸೀರೆ ನೇಯಿಸಿ ಮಾರುವವನು. ಸೀರೆಯ ವಿಷಯದಲ್ಲಿ ಅವನಿಗೆ ಯಾರೂ ಟೋಪಿ ಹಾಕಲಾರರು. ಬೇರೆ ಎಲ್ಲ ವಿಷಯದಲ್ಲೂ ಯಾರು ಬೇಕಾದರೂ ಹಾಕಬಹುದು. ಆ ವರ್ಷ ಅವನು ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿಯೊಂದನ್ನು ತಂದ. ಜೀಪಿಗಿಂತ ದಪ್ಪ, ವ್ಯಾನಿಗಿಂತ ಎತ್ತರ. ಮಾರಿದವನು ಅದನ್ನು ‘ಎಸ್‌ಯುವಿ’ ಅಂದಿದ್ದನಂತೆ. ನಮ್ಮ ಬೀದಿಗೆ ಬರುವಷ್ಟರಲ್ಲಿ ಅದು ‘ಸೂವಿ’ ಆಯಿತು. ಹೆಂಗಸರ ಬಾಯಲ್ಲಿ ‘ಸುವ್ವಿ’ ಆಗಿ, ಭತ್ತ ಕುಟ್ಟುವ ಹಾಡಿನ ಹೆಸರೇ ಗಾಡಿಗೂ ನಿಂತುಹೋಯಿತು. ನಿಜ ಹೇಳುತ್ತೇನೆ, ಮೊದಲ ಒಂದು ತಿಂಗಳು ಆ ಗಾಡಿ ಚಿನ್ನದಂಥದು. ಕಪ್ಪು ಕಬ್ಬಿಣದ ಚಿಕ್ಕ ಚಕ್ರ, ಅದರ ಸುತ್ತ ದಿಂಬಿನ ಹಾಗೆ ಉಬ್ಬಿದ ಟೈರು. ಹಿಂದಿನ ಸೀಟಿನಲ್ಲಿ ಕೂತು ನಾನು ನಂಜನಗೂಡಿನವರೆಗೂ ನಿದ್ದೆ ಮಾಡಿದ್ದೇನೆ.

ಆ ನಿದ್ದೆ ಕೆಡಿಸಿದವನು ಅವನ ಷಡ್ಡಕ ಮಹದೇವಪ್ರಸಾದ್. ಮೈಸೂರಿನಲ್ಲಿ ರಸ್ತೆ ಕಂಟ್ರಾಕ್ಟರು. ನಮ್ಮ ಹನೂರು ರಸ್ತೆಗೆ ತೇಪೆ ಹಾಕಿದವನೂ ಅವನೇ. ತೇಪೆ ಹಾಕಿದ ಮೇಲೆ ಗುಂಡಿಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದು ಗೃಹಪ್ರವೇಶದಲ್ಲಿ, ಪಂಕ್ತಿಯಲ್ಲಿ ಪಾಯಸ ಸುರಿಯುತ್ತಾ, ನಾಲ್ಕು ಜನರ ಮುಂದೆ ಅವನು ಅಂದ: "ಅಲ್ಲ ರಾಮಲಿಂಗಣ್ಣ, ಮೈ ನೋಡುದ್ರೆ ಆನೆ ಅಂಗದೆ, ಕಾಲು ನೋಡುದ್ರೆ ಕುರಿ ಅಂಗದಲ್ಲ ನಿನ್ ಗಾಡಿ! ಆಟೋ ಚಕ್ರ ಆಕ್ಸಿದ್ದೀಯೇನು?"

ರಾಮಲಿಂಗಯ್ಯ ಪಾಯಸ ಬಿಟ್ಟು ಎದ್ದ. ಅವನು ಪಾಯಸ ಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾರನೆಯ ದಿನ ನನ್ನ ಜಗಲಿಗೆ ಬಂದು ಕೂತ. ಮುಖದಲ್ಲಿ ಏನೋ ಕಂಡುಹಿಡಿದವನ ಕಳೆ.

"ಮೇಷ್ಟ್ರೆ, ನಮ್ ತಾತನ ಎತ್ತಿನ ಗಾಡಿ ಚಕ್ರ ಎಷ್ಟೆತ್ರ ಇತ್ತು?"

"ಎದೆಮಟ್ಟ ಇದ್ದಿರಬೇಕು."

"ಗುಂಡಿ ಮ್ಯಾಲೆ ಓದ್ರೆ ಏನಾಯ್ತಿತ್ತು? ಏನೂ ಆಯ್ತಿರ್ನಿಲ್ಲ! ಯಾಕೆ? ಚಕ್ರ ದೊಡ್ದಾದಷ್ಟೂ ಗುಂಡಿ ಚಿಕ್ಕದಾಯ್ತದೆ. ಇದು ಲೆಕ್ಕ."

"ಎತ್ತಿನ ಗಾಡಿಯಲ್ಲಿ ಕೂತವರ ಸೊಂಟ ಏನಾಗುತ್ತಿತ್ತು?" ಅಂದೆ.

"ಅದು ಬ್ಯಾರೆ ವಿಷ್ಯ," ಎಂದು ಅವನು ಎದ್ದು ಹೋದ. ಆ ಬೇರೆ ವಿಷಯವೇ ಮುಂದೆ ಇಡೀ ವಿಷಯವಾಯಿತು.

ಮೈಸೂರಿಗೆ ಹೋಗಿ ಹದಿನೈದು ಇಂಚಿನ ಚಕ್ರ ತೆಗೆಸಿ ಹದಿನೆಂಟು ಇಂಚಿನದು ಹಾಕಿಸಿಕೊಂಡು ಬಂದ. ಬೆಳ್ಳಿತಟ್ಟೆಯಂತೆ ಥಳಥಳಿಸುತ್ತಿದ್ದವು. ಬೀದಿಯವರೆಲ್ಲ ಬಂದು ಅದರಲ್ಲಿ ಮುಖ ನೋಡಿಕೊಂಡರು. ತಟ್ಟೆ ದೊಡ್ಡದಾದದ್ದಕ್ಕೆ ರಬ್ಬರಿಗೆ ಜಾಗ ಉಳಿದಿರಲಿಲ್ಲ. ಸುತ್ತ ಎರಡು ಬೆರಳು ದಪ್ಪದ ಕರೀ ಅಂಚು, ಅಷ್ಟೇ. ಮೇಲೆ ಉಜ್ಜಬಾರದು ಅಂತ ಅಂಗಡಿಯವನು ಸ್ಪ್ರಿಂಗಿನ ಕೆಳಗೆ ಏನೋ ಕಟ್ಟೆ ಕೊಟ್ಟು ಗಾಡಿಯನ್ನು ಎತ್ತರಿಸಿದ್ದ. ಆದರೂ ಉಜ್ಜುತ್ತಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ತಾಗಿ ‘ಊಂ... ಊಂಯ್ಯ್...’ ಎಂದು ವಯಸ್ಸಾದ ಹೆಂಗಸೊಬ್ಬಳು ಮೂಲೆಯಲ್ಲಿ ಕೂತು ಅಳುವ ಹಾಗೆ ಸದ್ದು ಬರುತ್ತಿತ್ತು. ಹಳೆಯ ನಾಲ್ಕು ಚಕ್ರಗಳನ್ನು ಮನೆಯೊಳಗೆ ಸೇರಿಸಲು ಅವನ ಹೆಂಡತಿ ಭಾಗ್ಯಮ್ಮ ಒಪ್ಪಲಿಲ್ಲ. ಅವು ನನ್ನ ಜಗಲಿಗೆ ಬಂದವು. ಬೀದಿಯ ಹಿರಿಯರು ಅದರ ಮೇಲೆ ಕೂತು ಪೇಪರು ಓದತೊಡಗಿದರು, ಮೆತ್ತಗಿದೆ ಅಂತ ಮೆಚ್ಚಿಕೊಂಡರು.

ಈಗ ಗಾಡಿ ಹತ್ತುವುದೇ ಒಂದು ಕಾರ್ಯಕ್ರಮವಾಯಿತು. ಭಾಗ್ಯಮ್ಮನ ಕಾಲು ಮೆಟ್ಟಿಲಿಗೆ ಎಟುಕದು. ಅದಕ್ಕೆ ಒಂದು ಮರದ ಸ್ಟೂಲು ಬಂತು. ಸ್ಟೂಲು ಇಡು, ಹತ್ತು, ಆಮೇಲೆ ಯಾರಾದರೂ ಸ್ಟೂಲು ಎತ್ತಿ ಹಿಂದೆ ಇಡಬೇಕು. ಅವಳು ತರಕಾರಿಗೆ ಹೋದರೂ, ಮಗಳು ರೋಜಾ ಕಾಲೇಜಿಗೆ ಹೋದರೂ ಸ್ಟೂಲು ಜೊತೆಗೆ ಹೋಗಬೇಕು. ಸವಾರಿಯ ಸುಖ ಹೇಳುವುದೇ ಬೇಡ. ಹೊಸ ಚಕ್ರದಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಹೋದವರಿಗೂ ತಮ್ಮ ಮೈಯಲ್ಲಿ ಎಷ್ಟು ಕೀಲುಗಳಿವೆ ಅಂತ ಗೊತ್ತಾಗುತ್ತಿತ್ತು. ರಸ್ತೆಯ ಮೇಲೆ ಕಡಲೆಕಾಯಿ ಸಿಪ್ಪೆ ಬಿದ್ದಿದ್ದರೆ ಬೆನ್ನಿಗೆ ಸುದ್ದಿ ಮುಟ್ಟುತ್ತಿತ್ತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ತಿರುವಿನಲ್ಲಿ ಮಾತ್ರ ಗಾಡಿ ಬಹಳ ಚೆನ್ನಾಗಿ ನಡೆಯುತ್ತಿತ್ತು. ಮುಂಚೆ ತಿರುವು ಬಂದರೆ ದೋಣಿಯ ಹಾಗೆ ಒಂದು ಪಕ್ಕಕ್ಕೆ ವಾಲುತ್ತಿದ್ದದ್ದು ಈಗ ನೆಟ್ಟಗೆ ನಿಂತೇ ತಿರುಗುತ್ತಿತ್ತು. "ಗ್ರಿಪ್ ನೋಡಿ ಮೇಷ್ಟ್ರೆ, ಗ್ರಿಪ್!" ಎಂದು ರಾಮಲಿಂಗಯ್ಯ ಕೂಗುತ್ತಿದ್ದ. ಆದರೆ ನಮ್ಮ ಕಡೆಯ ರಸ್ತೆಗಳಲ್ಲಿ ತಿರುವು ಅಪರೂಪ, ಗುಂಡಿ ಧಾರಾಳ. ನಾವು ತಿರುವಿಗಾಗಿ ಕಾಯುತ್ತಾ ಗುಂಡಿಯಲ್ಲಿ ಬೀಳುತ್ತಿದ್ದೆವು.

ಹೀಗಿರುವಾಗ ರೋಜಾಗೆ ಯಳಂದೂರಿನ ಸಂಬಂಧ ಬಂತು. ಹುಡುಗ ಶಿವಪ್ರಕಾಶ್, ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ಮದುವೆಯಲ್ಲಿ ರೋಜಾಳನ್ನು ನೋಡಿದ್ದವನು ಅವಳೇ ಆಗಬೇಕು ಅಂತ ಮನೆಯಲ್ಲಿ ಕೂತಿದ್ದ. ರೋಜಾಳೂ ಬಾಯಿಬಿಟ್ಟು ಹೇಳದಿದ್ದರೂ ಯಳಂದೂರಿನ ಬಸ್ಸು ಹೋದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಹುಡುಗನ ಅಪ್ಪ ಚಿನ್ನಸ್ವಾಮಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು. ನಕ್ಕರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೇನೆ ಅನ್ನುವಂಥ ಮುಖ. ಅವರು ಒಂದೇ ಮಾತು ಹೇಳಿದರು: "ನಂದೇನೂ ಇಲ್ಲ. ನಮ್ಮವ್ವ ಬಂದು ಎಣ್ಣು ನೋಡಿ ಊಂ ಅಂದ್ರೆ ಊಂ, ಬ್ಯಾಡ ಅಂದ್ರೆ ಬ್ಯಾಡ. ಅವ್ವನ ಮನಸ್ಸು ನೋಯ್ಸಿ ನಾನು ಯಾವ ಕೆಲ್ಸನೂ ಮಾಡಿದೋನಲ್ಲ."

ಅವ್ವ ಎಂದರೆ ಗುರುಸಿದ್ದಮ್ಮ. ಆಗ ಹನೂರಿನಲ್ಲಿ ಮಗಳು ಶಿವರತ್ನಮ್ಮನ ಮನೆಯಲ್ಲಿದ್ದರು. ಬಸ್ಸಿನಲ್ಲಿ ಬರಲಿ ಅಂದಿದ್ದರೆ ಮುಗಿಯುತ್ತಿತ್ತು. ನಮ್ಮ ರಾಮಲಿಂಗಯ್ಯ ಎದೆ ಉಬ್ಬಿಸಿ, "ಅಜ್ಜಿಗೆ ಬಸ್ಸಾ? ನಮ್ ಗಾಡಿ ಇರದು ಯಾಕೆ? ನಾನೇ ಅನೂರ್ಗೆ ಓಗಿ ಊವ ತಂದಂಗೆ ತಕಬತ್ತೀನಿ," ಅಂದುಬಿಟ್ಟ. ಪಕ್ಕದಲ್ಲಿದ್ದ ನಾನು ಕೆಮ್ಮಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ನಾವಿಬ್ಬರೂ, ಜೊತೆಗೆ ಸ್ಟೂಲೂ, ಹನೂರಿಗೆ ಹೊರಟೆವು. ಹೋಗುವಾಗಿನ ಕಥೆ ಬೇಡ. ಹನೂರಿನಲ್ಲಿ ಇಳಿದಾಗ ನಾನು ನನ್ನ ಹೆಸರನ್ನು ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡು ಸರಿಯಾಗಿದೆಯೇ ಎಂದು ನೋಡಿಕೊಂಡೆ.

ಅಜ್ಜಿ ಗುಂಡಗೆ, ಗಿಡ್ಡಗೆ, ಹಣೆತುಂಬ ವಿಭೂತಿ ಇಟ್ಟುಕೊಂಡು ಸಿದ್ಧವಾಗಿದ್ದರು. ಗಾಡಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ಇದೇನ್ಲಾ ಅಪ್ಪ, ಅಟ್ಟ ಇದ್ದಂಗದೆ! ಏಣಿ ತಂದಿದ್ದೀಯಾ?" ಅಂದರು. ಸ್ಟೂಲು ಇಟ್ಟೆವು. ಸ್ಟೂಲು ಅಲುಗಿತು. ಎದುರುಮನೆಯವರು ಬಂದರು, ಎಳನೀರಿನವನು ಬಂದ. ಒಬ್ಬರು ಸ್ಟೂಲು ಹಿಡಿದು, ಇಬ್ಬರು ತೋಳು ಹಿಡಿದು, ಹಿಂದಿನಿಂದ ಶಿವರತ್ನಮ್ಮ ನೂಕಿ, ಅಂತೂ ಅಜ್ಜಿ ಗಾಡಿ ಹತ್ತಿದರು. ಹನೂರಿನವರು ಚಪ್ಪಾಳೆ ತಟ್ಟಿದರು. ನಾವು ಹೊರಟೆವು.

ಶಿವರತ್ನಮ್ಮನಿಗೆ ಸಂತೋಷ ತಡೆಯಲಿಲ್ಲ. ಬೀದಿ ಕೊನೆಯ ಅಂಗಡಿಯಲ್ಲಿದ್ದ ಕಾಯಿನ್ ಫೋನಿಗೆ ಒಂದು ರೂಪಾಯಿ ಹಾಕಿ ಯಳಂದೂರಿನ ಅಣ್ಣನಿಗೆ ಸುದ್ದಿ ಮುಟ್ಟಿಸಿದರು:

"ಅಣ್ಣಾ, ಅವ್ವ ಅತ್ಕಂಡು ಓಯ್ತು ಕಣಣ್ಣ! ನಾಕು ಜನ ಇಡ್ಕಬೇಕಾಯ್ತು. ಬೀದಿಯೋರೆಲ್ಲ ನಿಂತ್ಕಂಡು ನೋಡುದ್ರು..."

ಅಷ್ಟರಲ್ಲಿ ರೂಪಾಯಿ ಮುಗಿದು ಫೋನು ಟಕ್ ಎಂದಿತು.

ಇಲ್ಲಿ ನಾನು ಕನ್ನಡ ಮೇಷ್ಟ್ರಾಗಿ ಎರಡು ಮಾತು ಹೇಳಲೇಬೇಕು. ಗಾಡಿ ಹತ್ತಿಕೊಂಡು ಹೋದರೂ ನಮ್ಮವರ ಬಾಯಲ್ಲಿ ಅದು ‘ಅತ್ಕಂಡು’. ಕಣ್ಣೀರು ಸುರಿಸಿ ಅತ್ತುಕೊಂಡು ಹೋದರೂ ಅದು ‘ಅತ್ಕಂಡು’. ಎದುರಿಗೆ ನಿಂತು ಮಾತಾಡುವಾಗ ತೊಂದರೆಯಿಲ್ಲ, ಮುಖ ನೋಡಿದರೆ ತಿಳಿಯುತ್ತದೆ. ಫೋನಿನಲ್ಲಿ ಮುಖ ಎಲ್ಲಿರುತ್ತದೆ? ಒಂದೇ ಒಂದು ‘ಹ’ ಇದ್ದಿದ್ದರೆ ಚಿನ್ನಸ್ವಾಮಿಯವರ ರಕ್ತದೊತ್ತಡ ಏರುತ್ತಿರಲಿಲ್ಲ.

ತಮ್ಮ ಅವ್ವ ಅಳುತ್ತಿದ್ದಾಳೆ, ನಾಲ್ಕು ಜನ ಹಿಡಿದುಕೊಂಡಿದ್ದಾರೆ, ಬೀದಿ ನಿಂತು ನೋಡಿದೆ. ಚಿನ್ನಸ್ವಾಮಿ ಕೂಡಲೆ ರಾಮಲಿಂಗಯ್ಯನ ಮನೆಗೆ ಫೋನು ಮಾಡಿದರು. ಎತ್ತಿದವಳು ಭಾಗ್ಯಮ್ಮ. ಈ ಸಂಭಾಷಣೆಯನ್ನು ಆಮೇಲೆ ಇಬ್ಬರೂ ನನಗೆ ಬೇರೆಬೇರೆಯಾಗಿ ಒಪ್ಪಿಸಿದ್ದಾರೆ. ಮಾತಿಗೆ ಮಾತು ತಾಳೆಯಾಗುತ್ತದೆ.

"ನಮ್ಮವ್ವ ಅತ್ಕಂಡು ಒಂಟದಂತೆ. ವಿಷ್ಯ ಗೊತ್ತಾ ನಿಮ್ಗೆ?"

"ಒಂಟ್ರಾ? ಸದ್ಯ!" ಎಂದಳು ಭಾಗ್ಯಮ್ಮ. "ಬೆಳಿಗ್ಗಿಂದ ನಂಗೆ ಅದೇ ಯೋಚ್ನೆ ಕಣಣ್ಣ, ಅಜ್ಜಿ ಅತ್ಕಂಡು ಬತ್ತಾರೋ ಇಲ್ವೋ ಅಂತ."

ಚಿನ್ನಸ್ವಾಮಿ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡರು.

"ಏನಮ್ಮ ನೀನು ಇಂಗಂತೀಯ? ವಯಸ್ಸಾದೋರು ಅವರು!"

"ವಯಸ್ಸಾದೋರ್ಗೆ ವಸಿ ಕಷ್ಟವೇ. ನಾವೆಲ್ಲಾ ಅತ್ಕಂಡೇ ಅಲ್ವಾ ಓಗದು? ನಾನು ತರಕಾರಿ ತರಕೆ ಓದ್ರೂ ಅತ್ಕಂಡೇ ಓಗದು. ರೋಜನೂ ದಿನಾ ಕಾಲೇಜ್ಗೆ ಅತ್ಕಂಡೇ ಓಯ್ತಳೆ. ಮೊದಮೊದ್ಲು ಸೊಂಟ ಇಡ್ಕತದೆ. ಆಮೇಲೆ ರೂಢಿಯಾಗೋಯ್ತದೆ."

"ನಿಮ್ ಯಜಮಾನ್ರು ಏನೂ ಅನ್ನಕಿಲ್ವಾ?"

"ಅಯ್ಯೋ, ಅವ್ರೇ ಕಣಣ್ಣ ಎಲ್ಲಾ ಮಾಡ್ಸಿರದು! ಎಂಡ್ರು ಮಕ್ಳು ಅತ್ಕಂಡು ಬೀದೀಲಿ ಓದ್ರೇ ನಂಗೆ ಗೌರ್ವ ಅಂತರೆ."

"ಗೌರ್ವ!"

"ಊಂ. ಅದ್ಕೇ ಅಂತ ಒಂದು ಸ್ಟೂಲ್ ಮಾಡ್ಸವ್ರೆ. ನಿಮ್ಮವ್ವಂಗೂ ಕಳ್ಸಿದ್ದೀವಿ. ಆ ಸ್ಟೂಲ್ ಒಂದಿದ್ರೆ ಎಂಥವ್ರೂ ಅತ್ಕಂಡ್ಬುಡ್ತರೆ."

ಅಳುವುದಕ್ಕೇ ಅಂತ ಒಂದು ಸ್ಟೂಲು! ಚಿನ್ನಸ್ವಾಮಿಯವರ ಕಣ್ಣ ಮುಂದೆ ಒಂದು ಕತ್ತಲೆ ಕೋಣೆ, ನಡುವೆ ಒಂದು ಸ್ಟೂಲು, ಅದರ ಮೇಲೆ ಸರದಿಯಂತೆ ಕೂರುವ ಹೆಂಗಸರು ಎಲ್ಲ ಕಾಣಿಸಿಕೊಂಡಿತು. ಭಾಗ್ಯಮ್ಮ ಒಳ್ಳೆಯ ಮನಸ್ಸಿನಿಂದ ಕೊನೆಯದೊಂದು ಮಾತು ಸೇರಿಸಿದಳು: "ಮದ್ವೆ ಒಂದು ಆಗೋಗ್ಲಿ ಬುಡಣ್ಣ, ಆಮೇಲೆ ನೀವೂ ಯಾವಾಗ ಬೇಕಾದ್ರೂ ಅತ್ಕಂಡು ಓಡಾಡಬೋದು."

ಚಿನ್ನಸ್ವಾಮಿ ಫೋನು ಕುಕ್ಕಿದರು. ಮಗನನ್ನು ಕರೆದು, "ನಡೀಲಾ ಕೊಳ್ಳೇಗಾಲ್ಕೆ. ಆ ಸಂಬಂಧ ಇಲ್ಲಿಗೆ ಮುಗೀತು," ಅಂದರು. ಶಿವಪ್ರಕಾಶ ಏನು, ಎಂತು ಎಂದು ಕೇಳುವಷ್ಟರಲ್ಲಿ ಮೊಪೆಡ್ಡು ಮಾಂಬಳ್ಳಿ ದಾಟಿತ್ತು.

ಇತ್ತ ನಮ್ಮ ಗಾಡಿ ಹನೂರು ಬಿಟ್ಟು ಬರುತ್ತಿತ್ತು. ಅಜ್ಜಿ ಮಾತುಗಾರ್ತಿ. ಮುಂದಿನ ಸೀಟಿನಲ್ಲಿ ಕೂತು, "ನೋಡಪ್ಪ, ನಾನು ಯಾರ್ಗೂ ಮಕದ ಮ್ಯಾಲೆ ಒಂದು, ಬೆನ್ನಿಂದೆ ಒಂದು ಯೋಳೋಳಲ್ಲ. ಎಣ್ಣು ಸಂದಾಗಿದ್ರೆ ಸಂದಾಗದೆ ಅಂತೀನಿ. ಇಲ್ದಿದ್ರೆ..." ಅನ್ನುವಷ್ಟರಲ್ಲಿ ಮಹದೇವಪ್ರಸಾದನ ಮೊದಲ ತೇಪೆ ಬಂತು.

ಧಡ್!

‘ಇಲ್ದಿದ್ರೆ’ ಏನು ಎಂದು ನಮಗೆ ತಿಳಿಯಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣಿನಲ್ಲಿ ನೀರು ತುಂಬಿತು. ನಾಲಿಗೆ ಕಚ್ಚಿಕೊಂಡಿದ್ದಾರೆ ಅಂತ ನಮಗೆ ಹೊಳೆಯಲೇ ಇಲ್ಲ. ನಾನು ಹಿಂದೆ ಸೀಟಿನ ಕಂಬಿಯನ್ನು ಅಪ್ಪಿಕೊಂಡು ಕೂತಿದ್ದೆ, ರಾಮಲಿಂಗಯ್ಯ ಗುಂಡಿ ಎಣಿಸುತ್ತಿದ್ದ.

"ಅಜ್ಜಿ, ಎಂಗದೆ ಗಾಡಿ?" ಎಂದು ಕೇಳಿದ.

ಅಜ್ಜಿ ಮಾತಾಡಲಿಲ್ಲ.

"ಅಜ್ಜಿಗೆ ನಮ್ ಮೇಲೆ ಏನೋ ಬೇಜಾರು ಮೇಷ್ಟ್ರೆ," ಎಂದು ಅವನು ಪಿಸುಗುಟ್ಟಿದ. ಗಾಬರಿಯಿಂದ ಬೇಗ ಊರು ಸೇರಿಬಿಡೋಣ ಎಂದು ಇನ್ನೂ ಜೋರಾಗಿ ಓಡಿಸಿದ. ಅದರಿಂದ ಅಜ್ಜಿಯ ಕಣ್ಣೀರು ಇನ್ನೂ ಹೆಚ್ಚಾಯಿತು.

ಆ ದಿನಗಳಲ್ಲಿ ಕಾಡಿನ ಕಡೆಯಿಂದ ಬರುವ ಗಾಡಿಗಳನ್ನೆಲ್ಲ ತಡೆದು ನೋಡುವ ಚೆಕ್‌ಪೋಸ್ಟ್ ಒಂದಿತ್ತು. ರಸ್ತೆಗೆ ಅಡ್ಡಡ್ಡ ಡ್ರಮ್ಮು ಇಟ್ಟಿದ್ದರು, ಗಾಡಿ ಹಾವಿನ ಹಾಗೆ ಸುತ್ತಿ ಬರಬೇಕು. ರಾಮಲಿಂಗಯ್ಯ ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಟೈರು ಮಡ್‌ಗಾರ್ಡಿಗೆ ತಾಗಿತು.

‘ಊಂ... ಊಂಯ್ಯ್...’

ಪೇದೆ ಬೆತ್ತ ಹಿಡಿದು ಎದ್ದ. "ಲೇ, ನಿಲ್ಸು! ಯಾರು ಒಳಗಡೆ ಅಳ್ತಾ ಇರದು?"

"ಯಾರೂ ಅಳ್ತಾ ಇಲ್ಲ ಸಾ. ಚಕ್ರ ಸಾ."

"ಚಕ್ರ ಅಳ್ತದಾ? ನನ್ನೇನು ಅಂದ್ಕಂಡಿದ್ದೀಯ?" ಪೇದೆ ಕಿಟಕಿಯಲ್ಲಿ ಇಣುಕಿದ. ಸೆರಗಿನಿಂದ ಬಾಯಿ ಮುಚ್ಚಿಕೊಂಡ ಮುದುಕಿ, ಕೆನ್ನೆಯ ಮೇಲೆ ಇಳಿಯುತ್ತಿರುವ ನೀರು. ಅವನ ಮೀಸೆ ನಿಮಿರಿತು. "ಅಮ್ಮಾ, ಎದರಬ್ಯಾಡಿ. ಯಾರು ಇವ್ರು? ಎಲ್ಗೆ ಕರ್ಕಂಡು ಓಯ್ತಾವ್ರೆ?"

ಅಜ್ಜಿ ರಾಮಲಿಂಗಯ್ಯನನ್ನು ತೋರಿಸಿದರು. ಆಮೇಲೆ ಬಾಯಿ ತೋರಿಸಿದರು. ಆಮೇಲೆ ಎರಡೂ ಕೈ ಎತ್ತಿ ದೇವರಿಗೆ ಮುಗಿದರು.

"ಬಾಯಿ ಕಟ್ಟಿದ್ರಾ?" ಎಂದು ಪೇದೆ ಗುಡುಗಿದ.

"ಇಲ್ಲ ಸ್ವಾಮಿ, ಹೆಣ್ಣು ನೋಡುವ ಶಾಸ್ತ್ರ," ಎಂದು ನಾನು ಹಿಂದಿನಿಂದ ಮರ್ಯಾದೆಯಾಗಿ ಹೇಳಿದೆ.

ಪೇದೆ ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ. "ಈ ವಯಸ್ಸಲ್ಲಾ? ಗಂಡು ಯಾರು? ನೀನಾ?"

ನಾನು ಮತ್ತೆ ಸೀಟಿನ ಕಂಬಿಯನ್ನು ಅಪ್ಪಿಕೊಂಡೆ. ರಾಮಲಿಂಗಯ್ಯನಿಗೆ ಅಳು ಬರುವ ಹಾಗಾಗಿತ್ತು. "ನೀವೇ ಅತ್ಕಂಡು ನೋಡಿ ಸಾ," ಎಂದ.

"ಯಾಕ್ಲಾ? ನಾನ್ಯಾಕೆ ಅತ್ಕಳ್ಲಿ?"

"ಗಾಡಿ ಸಾ, ಗಾಡಿ! ಗಾಡಿ ಅತ್ಕಂಡು ಒಂದು ಸುತ್ತು ಬನ್ನಿ ಸಾ. ಸದ್ದು ಎಲ್ಲಿಂದ ಬತ್ತದೆ ಅಂತ ನಿಮ್ಗೇ ಗೊತ್ತಾಯ್ತದೆ."

ಪೇದೆ ಸ್ಟೂಲು ಇಲ್ಲದೆ ಹತ್ತಿದ, ಪೊಲೀಸಿನವನಲ್ಲವೆ. ಡ್ರಮ್ಮುಗಳ ಸುತ್ತ ಒಂದು ಸುತ್ತು ಬಂದೆವು. ಗಾಡಿ ಮನಸಾರೆ ಅತ್ತಿತು. ಅಲ್ಲಿಂದ ಮುಂದೆ ಒಂದು ಗುಂಡಿ. ಪೇದೆಯ ಟೋಪಿ ಸೂರಿಗೆ ಬಡಿದು ಕಣ್ಣಿನವರೆಗೆ ಇಳಿಯಿತು. ಅವನು ಟೋಪಿ ಸರಿಮಾಡಿಕೊಂಡು, ಸೊಂಟ ಹಿಡಿದುಕೊಂಡು ಇಳಿದು ಹೇಳಿದ: "ಓಗ್ರಿ, ಓಗ್ರಿ. ಇದ್ರಲ್ಲಿ ಯಾರ್ನ ಕದ್ಕಂಡು ಓದ್ರೂ ಅರ್ಧ ದಾರೀಲಿ ನೀವೇ ತಂದು ಬುಟ್ಬುಡ್ತೀರ."

ಕೊಳ್ಳೇಗಾಲದ ನಮ್ಮ ಬೀದಿಗೆ ಬಂದಾಗ ಬಾಗಿಲ ಮುಂದೆ ಚಿನ್ನಸ್ವಾಮಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಪಕ್ಕದಲ್ಲಿ ಶಿವಪ್ರಕಾಶ, ಮುಖದಲ್ಲಿ ರಕ್ತವಿಲ್ಲ. ಬಾಗಿಲ ಸಂದಿಯಲ್ಲಿ ರೇಷ್ಮೆ ಸೀರೆ ಉಟ್ಟ ರೋಜಾ. ಬೀದಿಯವರೆಲ್ಲ ನನ್ನ ಜಗಲಿಯ ಮೇಲೆ, ಹಳೆಯ ಚಕ್ರಗಳ ಮೇಲೆ ಕೂತು ಕಾಯುತ್ತಿದ್ದರು. ತಿರುವಿನಲ್ಲಿ ಗಾಡಿ ‘ಊಂಯ್ಯ್’ ಎಂದಿತು. ಬೀದಿ ಉಸಿರು ಬಿಗಿಹಿಡಿಯಿತು. ರಾಮಲಿಂಗಯ್ಯ ಇಳಿದು ಸ್ಟೂಲು ತೆಗೆದ.

"ಅದೇನಾ ಆ ಸ್ಟೂಲು?" ಎಂದರು ಚಿನ್ನಸ್ವಾಮಿ, ಹಲ್ಲು ಕಚ್ಚಿ.

"ಊಂ ಕಣಣ್ಣ, ಇದೇಯ. ತೇಗದ್ದು," ಎಂದ ರಾಮಲಿಂಗಯ್ಯ, ಹೆಮ್ಮೆಯಿಂದ.

ಅಜ್ಜಿ ಇಳಿದರು. ಕಣ್ಣು ಕೆಂಪು, ಕೆನ್ನೆ ಒದ್ದೆ. ಮಗನನ್ನು ಕಂಡ ಕೂಡಲೆ ಇನ್ನೆರಡು ಹನಿ ಉದುರಿದವು.

"ಅವ್ವಾ! ಏನ್ ಮಾಡುದ್ರು ನಿಂಗೆ ಇವ್ರು? ಯೋಳವ್ವ!"

ಅಜ್ಜಿ ಅಡ್ಡಡ್ಡ ತಲೆಯಾಡಿಸಿದರು. ಬಾಯಿ ಬಿಡಲಿಲ್ಲ.

"ನೋಡುದ್ರಾ? ಬಾಯ್ಬುಡಕೂ ಎದುರ್ತಾವ್ಳೆ! ಜೀವಮಾನದಲ್ಲಿ ನಮ್ಮವ್ವ ಸುಮ್ನಿದ್ದೋಳಲ್ಲ! ರಾಮಲಿಂಗಯ್ನೋರೆ, ನಿಮ್ ಮನೇಲಿ ಎಂಗಸ್ರ ಅಳುಸ್ತೀರ ಅಂತ ನಿಮ್ ಎಂಡ್ರೇ ಯೋಳವ್ರೆ. ಇಂಥ ಮನೆ ಎಣ್ಣು ನಮ್ಗೆ ಬ್ಯಾಡ. ನಡೀಲಾ ಶಿವ!"

"ನಾನ್ಯಾವಾಗ ಯೋಳ್ದೆ!" ಎಂದು ಭಾಗ್ಯಮ್ಮ ಒಳಗಿನಿಂದ ಕೂಗಿದಳು. ರಾಮಲಿಂಗಯ್ಯ ಸ್ಟೂಲು ಹಿಡಿದು ಹಾಗೇ ನಿಂತುಬಿಟ್ಟ. ಮಗಳ ಮದುವೆ ಕಣ್ಣೆದುರಿಗೇ ಬೀದಿಗೆ ಬಿದ್ದಿತ್ತು, ಅದು ಯಾಕೆ ಬಿತ್ತು ಅಂತಲೂ ಆ ಪಾಪದವನಿಗೆ ತಿಳಿದಿರಲಿಲ್ಲ. ನನಗಂತೂ ಸಂಕಟವಾಯಿತು.

ಆಗ ರೋಜಾ ಹೊರಗೆ ಬಂದಳು. ಹೆಣ್ಣು ನೋಡುವ ದಿನ ಕರೆಯದೆ ಹೊರಗೆ ಬರಬಾರದು ಅನ್ನುವುದನ್ನೆಲ್ಲ ಮರೆತು ಸೀದಾ ಅಜ್ಜಿಯ ಹತ್ತಿರ ಹೋದಳು. ಮುಖ ನೋಡಿದಳು.

"ಅಜ್ಜಿ, ನಾಲ್ಗೆ ಕಚ್ಕಂಡ್ರಾ?"

ಅಜ್ಜಿ ಹೌದೆಂದು ಜೋರಾಗಿ ತಲೆಯಾಡಿಸಿದರು.

"ಎಡಗಡೆ ಅಲ್ವಾ? ನಂಗೂ ಅಲ್ಲೇ ಕಚ್ಕತದೆ. ಕಾಲೇಜ್ಗೆ ಓಗೋವಾಗೆಲ್ಲ ನಾನು ಉಸ್ರೇ ಬುಡಕಿಲ್ಲ ಅಜ್ಜಿ." ಓಡಿಹೋಗಿ ತಣ್ಣನೆಯ ಮಜ್ಜಿಗೆ ತಂದಳು, ಆಮೇಲೆ ಬೆರಳಿನ ತುದಿಯಲ್ಲಿ ಬೆಣ್ಣೆ. ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ನಾಲಿಗೆ ಚಾಚಿಸಿ, ಮಗುವಿಗೆ ಹಚ್ಚುವ ಹಾಗೆ ಹಚ್ಚಿದಳು. ಬೀದಿಗೆ ಬೀದಿಯೇ ಕತ್ತು ಚಾಚಿ ಅಜ್ಜಿಯ ನಾಲಿಗೆ ನೋಡಿತು.

ಸ್ವಲ್ಪ ಹೊತ್ತಿಗೆ ಅಜ್ಜಿಗೆ ಮಾತು ಬಂತು. ಬಂದದ್ದೆಲ್ಲ ಒಟ್ಟಿಗೆ ಬಂತು.

"ಯಾಕ್ಲಾ ಚಿನ್ನ, ಬೀದೀಲಿ ನಿಂತ್ಕಂಡು ಬಡ್ಕತೀಯ?"

"ಶಿವರತ್ನಿ ಫೋನ್ ಮಾಡಿದ್ಲವ್ವ. ನೀನು ಅತ್ಕಂಡು ಬಂದೆ ಅಂತ."

"ಊಂ ಕಣ್ಲಾ, ಅತ್ಕಂಡೇ ಬಂದೆ."

"ನೋಡುದ್ರಾ!"

"ಅತ್ಕಂಡು ಬರ್ದೆ ಇನ್ನೇನ್ಲಾ, ಅನೂರಿಂದ ಗಾಡಿ ಇಂದೆ ಓಡ್ಕಂಡು ಬರ್ಲಾ? ಅಟ್ಟ ಅಂಗದೆ ಗಾಡಿ, ನಾಕು ಜನ ಇಡ್ಕಂಡು ಅತ್ಸುದ್ರು!"

ಚಿನ್ನಸ್ವಾಮಿಯವರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ನಿಧಾನವಾಗಿ ಅವರು ಸ್ಟೂಲನ್ನು ನೋಡಿದರು, ಗಾಡಿಯ ಮೆಟ್ಟಿಲನ್ನು ನೋಡಿದರು, ಭಾಗ್ಯಮ್ಮನನ್ನು ನೋಡಿದರು. "ಓ... ಅತ್ಕಂಡು..." ಎಂದರು. ಬೀದಿಯ ತುಂಬ ನಗು ಎದ್ದಿತು. ನಾನು ಮಾತ್ರ ಎದ್ದು ನಿಂತು, "ಹ, ಹ! ಹತ್ತಿಕೊಂಡು! ಇದಕ್ಕೇ ನಾನು ಬಡಿದುಕೊಳ್ಳುವುದು!" ಎಂದು ಕೂಗಿದೆ. ನಾನೂ ಹಹ್ಹಾ ಎಂದು ನಗುತ್ತಿದ್ದೇನೆ ಅಂತ ಜನ ತಿಳಿದರು.

"ಎಣ್ಣು ನಂಗೆ ಒಪ್ಗೆ," ಎಂದರು ಅಜ್ಜಿ, ರೋಜಾಳ ಕೈ ಹಿಡಿದುಕೊಂಡು. "ನಾನು ಬಾಯ್ಬುಡ್ದಿದ್ರೂ ನನ್ ನೋವು ಇವ್ಳಿಗೆ ತಿಳೀತು. ಆದ್ರೆ ರಾಮಲಿಂಗಪ್ಪ, ಒಂದು ಮಾತು. ಗಾಡಿಗೆ ಎಸ್ರು ಸರ್ಯಾಗೇ ಮಡಗವ್ರೆ, ಸುವ್ವಿ ಅಂತ. ದಾರಿವುದ್ದಕ್ಕೂ ನನ್ನ ಒನಕೇಲಿ ಕುಟ್ಟಾಕ್ತು. ಆ ತಟ್ಟೆ ಅಂಥ ಚಕ್ರ ಇರಗಂಟ ಈ ಕೂಸು ಅದ್ರಲ್ಲಿ ನಮ್ಮನೆಗೆ ಬರಕೂಡದು. ಬಂದ್ರೆ ಮದ್ವೆನೇ ಬ್ಯಾಡ."

ರಾಮಲಿಂಗಯ್ಯನ ಮುಖ ನೋಡಲಾಗುತ್ತಿರಲಿಲ್ಲ. ಒಂದು ಕಡೆ ಮಗಳು, ಇನ್ನೊಂದು ಕಡೆ ಥಳಥಳ ಚಕ್ರ, ಅದರ ಹಿಂದೆ ಷಡ್ಡಕನ ನಗು. "ಅಜ್ಜಿ, ಚಕ್ರ ದೊಡ್ದಾದ್ರೆ ಗುಂಡಿ ಚಿಕ್ಕದಾಯ್ತದೆ..." ಎಂದು ಕ್ಷೀಣವಾಗಿ ಆರಂಭಿಸಿದ.

ಆಗ ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಶಿವಪ್ರಕಾಶ ಗಂಟಲು ಸರಿಮಾಡಿಕೊಂಡ. "ಅದು ಹಾಗಲ್ಲ ಮಾವ. ತಟ್ಟೆ ಏಟನ್ನು ತಡ್ಕೊಳಲ್ಲ. ಏಟು ತಡ್ಕೊಳೋದು ರಬ್ಬರು, ಅದರೊಳಗಿನ ಗಾಳಿ. ತಟ್ಟೆ ದೊಡ್ಡದು ಮಾಡಿದ್ರೆ ರಬ್ಬರ್‌ಗೆ ಜಾಗ..."

"ಏನಂದ್ರಿ?" ಎಂದ ರಾಮಲಿಂಗಯ್ಯ.

"ರಬ್ಬರ್‌ಗೆ ಜಾಗ ಇರಲ್ಲ..."

"ಅದಲ್ಲ. ಮೊದ್ಲು ಏನಂದ್ರಿ?"

ಹುಡುಗ ಕೆಂಪಾದ. "ಮಾವ... ಅಂದೆ."

ವಿಜ್ಞಾನ ಅಲ್ಲಿಗೆ ನಿಂತಿತು. ರಾಮಲಿಂಗಯ್ಯ ಸ್ಟೂಲು ಕೆಳಗಿಟ್ಟ. ನನ್ನ ಕಡೆ ತಿರುಗಿ, "ಮೇಷ್ಟ್ರೆ, ಆ ಅಳೇ ಚಕ್ರದ ಮ್ಯಾಲಿಂದ ಎಲ್ಲಾರ್ನೂ ಎದ್ದೇಳ್ಸಿ," ಎಂದ. ಪೇಪರು ಓದುವ ಹಿರಿಯರು ಗೊಣಗುತ್ತಾ ಎದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿಯುವಷ್ಟರಲ್ಲಿ ಪಂಕ್ಚರ್ ಅಂಗಡಿಯವನು ಬಂದು ಹಳೆಯ ಚಕ್ರಗಳನ್ನು ಹಾಕಿ, ಸ್ಪ್ರಿಂಗಿನ ಕಟ್ಟೆ ತೆಗೆದುಹಾಕಿದ. ಸಾಯಂಕಾಲ ಅಜ್ಜಿ ಅದೇ ಗಾಡಿಯಲ್ಲಿ ಹನೂರಿಗೆ ಹೊರಟರು. ಬೆಳಿಗ್ಗೆ ಅರ್ಧಕ್ಕೆ ನಿಂತ ಮಾತನ್ನು ಅಲ್ಲಿಂದಲೇ ಹಿಡಿದುಕೊಂಡು ಹನೂರಿನವರೆಗೂ ಆಡಿದರಂತೆ. ತಿರುವಿನಲ್ಲಿ ಗಾಡಿ ಮೊದಲಿನ ಹಾಗೆ ಸ್ವಲ್ಪ ವಾಲಿತಂತೆ. "ತೊಟ್ಲು ತೂಗ್ದಂಗಾಯ್ತು ಕಣಪ್ಪ," ಅಂದರಂತೆ.

ಥಳಥಳ ಚಕ್ರಗಳು ಯಾರ ಪಾಲಾದವು? ಮಹದೇವಪ್ರಸಾದ್ ಬಹಳ ದಿನದಿಂದ ಅವುಗಳ ಮೇಲೆ ಕಣ್ಣಿಟ್ಟಿದ್ದ. ಮಗಳ ಮದುವೆಯ ಮುಯ್ಯಿ ಎಂದು ರಾಮಲಿಂಗಯ್ಯ ಅವನಿಗೇ ಕೊಟ್ಟುಬಿಟ್ಟ. ಅವನು ತನ್ನ ಗಾಡಿಗೆ ಹಾಕಿಸಿಕೊಂಡ. ಮದುವೆಯ ದಿನ ಹನೂರಿನ ನೆಂಟರನ್ನು ಕರೆತರುವ ಕೆಲಸವನ್ನು ಅವನಿಗೇ ವಹಿಸಿದೆವು. ತನ್ನದೇ ತೇಪೆಗಳ ಮೇಲೆ ಹಾದು ಬಂದ ಅವನು ಛತ್ರದಲ್ಲಿ ಇಳಿದಾಗ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಿದ್ದ. ಊಟದ ಪಂಕ್ತಿಯಲ್ಲೂ ಅವನು ಯಾರನ್ನೂ ಏನೂ ಅನ್ನಲಿಲ್ಲ. ರಾಮಲಿಂಗಯ್ಯ ಆ ದಿನ ಎರಡು ಸಲ ಪಾಯಸ ಹಾಕಿಸಿಕೊಂಡ.

ಸಂಜೆ ಹೆಣ್ಣು ಕಳಿಸುವ ಹೊತ್ತು. ಹೆಂಗಸರೆಲ್ಲ ಸೆರಗಿನ ತುದಿ ಕೈಯಲ್ಲಿ ಹಿಡಿದು ತಯಾರಾಗಿ ನಿಂತಿದ್ದರು. ಸ್ಟೂಲನ್ನೂ ರೂಢಿಯಂತೆ ತಂದು ಇಟ್ಟಿದ್ದರು. ರೋಜಾ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಸೀರೆಯ ನಿರಿಗೆ ಎತ್ತಿಕೊಂಡು ಒಂದೇ ಹೆಜ್ಜೆಗೆ ಗಾಡಿ ಹತ್ತಿದಳು. ಒಳಗೆ ಶಿವಪ್ರಕಾಶನ ಪಕ್ಕ ಕೂತಿದ್ದ ಅಜ್ಜಿ, "ಬಾ ಕೂಸೆ, ಈಗ ನಾಲ್ಗೆ ಎಲ್ಲಿ ಬೇಕಾದ್ರೂ ಇಟ್ಕ," ಎಂದರು. ರೋಜಾ ನಕ್ಕಳು. ಅಳಬೇಕೆಂದು ನಿಂತಿದ್ದ ಹೆಂಗಸರೂ ನಕ್ಕರು. ಗಾಡಿ ಒಂದು ಸದ್ದೂ ಮಾಡದೆ ಯಳಂದೂರಿನ ಕಡೆ ತಿರುಗಿಕೊಂಡು ಹೋಯಿತು.

ಛತ್ರದ ಆಫೀಸಿನಲ್ಲಿ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ಯಳಂದೂರಿನಲ್ಲಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದ ಶಿವರತ್ನಮ್ಮ.

"ಮೇಷ್ಟ್ರಾ? ಎಣ್ಣು ಒಂಟ್ಲಾ? ಎಂಗೆ ಒಂಟ್ಲು?"

ನಾನು ಕಿಟಕಿಯಿಂದ ಹೊರಗೆ ನೋಡಿದೆ.

"ಅತ್ಕಂಡು ಓದ್ಲು ಕಣಮ್ಮ," ಅಂದೆ. ಅಷ್ಟು ವರ್ಷ ಹೋರಾಡಿದ ನನ್ನ ಬಾಯಿಂದಲೇ ಆ ಹಕಾರ ಜಾರಿಹೋಗಿತ್ತು.

"ಯಾವ ಅತ್ಕಂಡು? ಬುಡ್ಸಿ ಯೋಳಿ ಮೇಷ್ಟ್ರೆ! ನಮ್ಮಣ್ಣ ಮುಂಚೇನೇ ಬಂದು ಪಕ್ಕದಲ್ಲೇ ನಿಂತವ್ನೆ, ಕೇಳ್ತಾವ್ನೆ!"

"ಮಗಳು ಗಾಡಿ ಅತ್ಕಂಡು, ನಕ್ಕೊಂಡು ಓದ್ಲು. ಅಪ್ಪ ಅತ್ಕಂಡು ಕುಂತವ್ನೆ."

ಆ ಕಡೆ ಫೋನು ಕೈ ಬದಲಾಯಿಸಿತು. ಚಿನ್ನಸ್ವಾಮಿಯವರ ದನಿ, ಮೆತ್ತಗೆ:

"ಎಲ್ಲಿ ಕುಂತವ್ರೆ ಬೀಗ್ರು?"

ಬೀದಿ ಖಾಲಿಯಾಗಿತ್ತು. ರಾಮಲಿಂಗಯ್ಯ ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಸ್ಟೂಲ್ ಮೇಲೆ," ಅಂದೆ.